ಪುಟ್ಟಿ, ನಿನ್ನ ಏಳನೇ ಕ್ಲಾಸಿನ ಆ ಪೀರಿಯಡ್ ಬಗ್ಗೆ

ಪುಟ್ಟಿ, ನಿನ್ನ ಮೆಸೇಜ್ ನೋಡ್ದೆ. ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೇ ಮಾತಾಡಿ ಕಳಿಸ್ತಾ ಇದ್ದೀನಿ. ಸ್ವಲ್ಪ ಉದ್ದ ಆಗತ್ತೆ. ಗ್ರೂಪಲ್ಲಿರೋ ಉಳಿದೋರೂ ಕೇಳಿ, ಮನೇಲಿ ಮಕ್ಕಳಿರೋ ಎಲ್ಲರಿಗೂ ಬೇಕಾಗಿರೋದೇ.

ನೀನು ಕೇಳಿದ್ದು ಇಷ್ಟು. ಏಳನೇ ಕ್ಲಾಸಿಗೆ ಮಾದಕ ವಸ್ತು ಮತ್ತೆ ಹೊಡೆದಾಟದ ಬಗ್ಗೆ ತಿಳಿವಳಿಕೆ ಕೊಡು ಅಂತ ಹೆಡ್‌ಮಿಸ್ ಹೇಳಿದ್ದಾರೆ, ಒಂದೇ ಒಂದು ಪೀರಿಯಡ್ ಕೊಟ್ಟಿದ್ದಾರೆ, ಏನು ಮಾಡ್ಲಿ ಚಿಕ್ಕಮ್ಮ ಅಂತ. ಅದಕ್ಕೆ ನಿನ್ನ ಮಾವ ಏನಂದ್ರು, ಕೊಳೆತ ಶ್ವಾಸಕೋಶದ ಫೋಟೋ ತೋರಿಸು, ಒಬ್ಬ ಪೊಲೀಸಿನೋರನ್ನ ಕರೆಸು, ಚಟ ಬಿಟ್ಟೋರು ಯಾರಾದ್ರೂ ಬಂದು ಮಾತಾಡ್ಲಿ, ಮಕ್ಕಳು ಒಂದ್ಸಲ ಚೆನ್ನಾಗಿ ಹೆದರಿದ್ರೆ ಸಾಕು ಅಂದ್ರು. ಅಣ್ಣಾ, ನಿನ್ನ ಕಾಳಜಿ ನಂಗೆ ಗೊತ್ತು. ಆದ್ರೆ ಈ ದಾರೀಲಿ ಹೋಗಿ ನೋಡಿದೋರು ಬಹಳ ಜನ ಇದ್ದಾರೆ, ಅವರಿಗೇನಾಯ್ತು ಅನ್ನೋದು ಕೇಳು.

ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಪೊಲೀಸ್ ಇಲಾಖೆಯೂ ಶಾಲೆಗಳೂ ಸೇರಿ ಡೇರ್ ಅನ್ನೋ ಕಾರ್ಯಕ್ರಮ ಶುರು ಮಾಡಿದ್ರು. ಸಮವಸ್ತ್ರ ಹಾಕ್ಕೊಂಡ ಪೊಲೀಸರೇ ಕ್ಲಾಸಿಗೆ ಬಂದು ವಾರ ವಾರ ಪಾಠ ಮಾಡೋರು. ಮಕ್ಕಳಿಗೆ ಇಷ್ಟ ಆಯ್ತು, ತಂದೆತಾಯಂದಿರಿಗಂತೂ ಇನ್ನೂ ಇಷ್ಟ ಆಯ್ತು, ಅಮೆರಿಕದ ತುಂಬ ಹಬ್ಬಿತು. ಆಮೇಲೆ ಸಂಶೋಧಕರು ಆ ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹತ್ತು ವರ್ಷ ಬಿಟ್ಟು ಹೋಲಿಸಿ ನೋಡಿದಾಗ ಸಿಗರೇಟು, ಕುಡಿತ, ಡ್ರಗ್ಸ್ ಯಾವುದರಲ್ಲೂ ಹೇಳ್ಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಕೊನೆಗೆ ಡೇರ್ ನಡೆಸೋರೇ ಹಳೇ ಪಠ್ಯ ಕೈಬಿಟ್ಟು ಬೇರೆ ತಗೊಂಡ್ರು. ಹೆದರಿಸೋದರ ಕಥೆ ಇನ್ನೂ ಕೆಟ್ಟದು. 1970ರ ದಶಕದಲ್ಲಿ ನ್ಯೂಜೆರ್ಸಿಯ ಜೈಲೊಂದಕ್ಕೆ ದಾರಿ ತಪ್ತಿರೋ ಹುಡುಗರನ್ನ ಕರ್ಕೊಂಡು ಹೋಗಿ, ಜೀವಾವಧಿ ಕೈದಿಗಳ ಬಾಯಲ್ಲಿ ಬೈಸಿ, ನಡುಗಿಸಿ ವಾಪಸ್ ಕಳಿಸೋರು. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರೆ, ಜೈಲು ನೋಡಿ ಬಂದ ಹುಡುಗರೇ ನೋಡದೇ ಇದ್ದೋರಿಗಿಂತ ಹೆಚ್ಚು ಅಪರಾಧಕ್ಕೆ ಇಳಿದಿದ್ರು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಚಟ ತಡೆಯೋದು ಹೇಗೆ ಅಂತ 2013ರಲ್ಲಿ ತಂದ ಮಾನದಂಡದಲ್ಲೂ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೊತೆ ಸೇರಿ ಪರಿಷ್ಕರಿಸಿದ್ದರಲ್ಲೂ, ಬರೀ ಭಾಷಣ, ಹೆದರಿಸೋದು, ಚಟ ಬಿಟ್ಟೋರ ಅನುಭವ ಕಥನ, ಇವುಗಳಿಂದ ಪ್ರಯೋಜನ ಕಾಣಲಿಲ್ಲ ಅಂತಲೇ ಇದೆ.

ಯಾಕೆ ಅಂದ್ರೆ, ಹನ್ನೆರಡು ಹದಿಮೂರರ ಮಗು ಆ ಶ್ವಾಸಕೋಶ ನೋಡಿ ಇದು ಯಾರೋ ಮುದುಕರದ್ದು ಅಂದ್ಕೊಳ್ಳತ್ತೆ. ಸಾಯಂಕಾಲ ಹೋಗ್ತಾ ತನಗಿಂತ ಎರಡು ವರ್ಷ ದೊಡ್ಡ ಹುಡುಗ ವೇಪ್, ಅಂದ್ರೆ ಇ-ಸಿಗರೇಟು, ಎಳೀತಾ ನಗ್ತಾ ನಿಂತಿರ್ತಾನೆ, ಅವನಿಗೇನೂ ಆಗಿಲ್ಲ. ಆಗ ಟೀಚರ್ ಹೇಳಿದ್ರಲ್ಲಿ ನಿಜ ಇದ್ದದ್ದನ್ನೂ ಆ ಮಗು ನಂಬೋದು ಬಿಟ್ಟುಬಿಡತ್ತೆ. ನಂಬಿಕೆ ಹೋದ್ಮೇಲೆ ನಿನ್ನ ಹತ್ರ ಪಾಠ ಮಾಡೋಕೆ ಇನ್ನೇನೂ ಉಳಿಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಚಟ, ಹೊಡೆದಾಟ ಇವೆರಡೂ ಬೇರೆ ಬೇರೆ ಪಾಠ ಅಲ್ಲ ಪುಟ್ಟಿ. ಸಿಟ್ಟು ಬಂದಾಗ, ಅವಮಾನ ಆದಾಗ, ಗುಂಪಿನಿಂದ ಹೊರಗಿಡ್ತಾರೆ ಅನ್ನೋ ಭಯ ಆದಾಗ ಮಗು ಏನು ಮಾಡತ್ತೆ ಅನ್ನೋದೇ ಎರಡಕ್ಕೂ ಬೇರು. ಇದಕ್ಕೆ ನಂಗೆ ತುಂಬಾ ಹಿಡಿಸಿದ ಸಾಕ್ಷಿ ಒಂದು ಆಟ. 1969ರಲ್ಲಿ ಅಮೆರಿಕದ ಕಾನ್ಸಾಸ್‌ನ ಒಬ್ಬ ಟೀಚರ್ ಮತ್ತೆ ಇಬ್ಬರು ಸಂಶೋಧಕರು ಸೇರಿ ಕ್ಲಾಸನ್ನ ತಂಡ ಮಾಡಿ, ನಿಯಮ ಬರೆದು, ತಪ್ಪಿದಾಗ ತಂಡಕ್ಕೆ ಒಂದು ಗುರುತು ಹಾಕಿ, ಕಡಿಮೆ ಗುರುತಿನ ತಂಡಕ್ಕೆ ಪುಟ್ಟ ಬಹುಮಾನ ಕೊಡೋ ಪದ್ಧತಿ ಪ್ರಕಟಿಸಿದ್ರು. ಗುಡ್ ಬಿಹೇವಿಯರ್ ಗೇಮ್ ಅಂತಾರೆ. 1980ರ ದಶಕದಲ್ಲಿ ಬಾಲ್ಟಿಮೋರ್‌ನ ಒಂದನೇ ಕ್ಲಾಸಿನ ಮಕ್ಕಳಿಗೆ ಇದನ್ನ ಆಡಿಸಿ, ಅವರು 19ರಿಂದ 21 ವಯಸ್ಸಿಗೆ ಬಂದಾಗ ಹುಡುಕಿ ಮಾತಾಡಿಸಿದ್ರು. ಒಂದನೇ ಕ್ಲಾಸಲ್ಲೇ ಕೈ ಮಾಡ್ತಿದ್ದ ಗಂಡುಮಕ್ಕಳಿದ್ರಲ್ಲ, ಅವರಲ್ಲಿ ಮಾದಕ ವಸ್ತುವಿನ ಚಟ, ಹಿಂಸೆ ಎರಡೂ ಆಟ ಆಡದ ಅಂಥದೇ ಹುಡುಗರಿಗಿಂತ ಕಡಿಮೆ ಇತ್ತು. ಆ ಆಟದಲ್ಲಿ ಡ್ರಗ್ಸ್ ಅನ್ನೋ ಮಾತೇ ಇಲ್ಲ! ಕಾಯೋದು, ತಡ್ಕೊಳ್ಳೋದು, ಪಕ್ಕದವನಿಗೆ ಸಹಾಯ ಮಾಡೋದು, ಅಷ್ಟೇ ಕಲಿತಿದ್ದು ಆ ಪುಟಾಣಿಗಳು.

ಹಾಗಾಗಿ ಹೆಡ್‌ಮಿಸ್ ಹತ್ರ ಒಂದು ಪೀರಿಯಡ್ ಸಾಲಲ್ಲ ಅಂತ ಹೇಳು. ವಾರಕ್ಕೊಂದು, ಹತ್ತರಿಂದ ಹದಿನೈದು ವಾರ ಕೇಳು, ಮುಂದಿನ ವರ್ಷ ಸ್ವಲ್ಪ ಮರುಪಾಠವೂ ಬೇಕು ಅನ್ನು. ಪೂರ್ತಿ ಪೀರಿಯಡ್ ಸಿಗದಿದ್ರೆ ಅರ್ಧ ಗಂಟೆ ಆದ್ರೂ ಸರಿ, ಆದ್ರೆ ವಾರ ತಪ್ಪಬಾರದು. ಕಾರ್ನೆಲ್ ವಿಶ್ವವಿದ್ಯಾಲಯದ ಗಿಲ್ಬರ್ಟ್ ಬೋಟ್ವಿನ್ ರೂಪಿಸಿದ ಜೀವನ ಕೌಶಲ ತರಬೇತಿ ಈ ಥರದ್ದೇ. ಮಗ್ಗಿ ಹೇಳಿಸಿದ ಹಾಗೆ ಮತ್ತೆ ಮತ್ತೆ ಬಾಯಲ್ಲಿ ಬರಬೇಕು.

ಕ್ಲಾಸಲ್ಲಿ ಏನು ಮಾಡಿಸೋದು ಅಂದ್ರೆ, "ಬೇಡ" ಅಂತ ಹೇಳು ಅಂದ್ಬಿಟ್ರೆ ಸಾಲಲ್ಲ. ಯಾರಿಗೆ, ಹೇಗೆ, ಯಾವ ದನೀಲಿ ಅನ್ನೋದು ಕಷ್ಟ. ಅಪರಿಚಿತರು ಕೊಟ್ರೆ ಮಕ್ಕಳು ಸುಲಭವಾಗಿ ಓಡಿಹೋಗ್ತಾರೆ, ಮೊದಲ ಸಲ ಕೊಡೋದು ಸಾಮಾನ್ಯವಾಗಿ ಜೀವದ ಗೆಳೆಯನೋ ಗೆಳತಿಯೋ. ಅಲ್ಲಿ ಸ್ನೇಹ ಉಳಿಸ್ಕೊಂಡು ತಪ್ಪಿಸ್ಕೊಳ್ಳೋ ಮಾತು ಬೇಕು. "ನಂಗೆ ಬೇಡ ಕಣೋ, ಬಾ ಆಡೋಣ" ಅನ್ನೋದು ಒಂದು. "ಇಲ್ಲ, ಹೊರಟೆ" ಅಂತ ಕಾಲ್ತೆಗೆಯೋದು ಇನ್ನೊಂದು. ಅದನ್ನ ಜೋಡಿ ಜೋಡಿಯಾಗಿ ಎದ್ದು ನಿಂತು ಹೇಳಿಸು, ಎರಡನೇ ಸಲ ಒತ್ತಾಯ ಮಾಡಿದಾಗ್ಲೂ ಹೇಳಿಸು, ಯಾಕಂದ್ರೆ ಜಾರೋದು ಎರಡನೇ ಒತ್ತಾಯಕ್ಕೇ. ಒಂದು ಎಚ್ಚರಿಕೆ, ಕೊಡೋರ ಪಾತ್ರ ನೀನೇ ಮಾಡು. ಮಕ್ಕಳಿಗೆ ಆ ಪಾತ್ರ ಕೊಟ್ರೆ ಚಪ್ಪಾಳೆ ಅದಕ್ಕೇ ಬೀಳತ್ತೆ.

ಮತ್ತೆ ಹೆಸರಿಲ್ಲದ ಚೀಟಿ. "ನಮ್ಮ ಕ್ಲಾಸಲ್ಲಿ ಎಷ್ಟು ಜನ ಸಿಗರೇಟು ಸೇದಿರಬಹುದು" ಅಂತ ಬರೆಸಿದ್ರೆ ಮಕ್ಕಳು ನಿಜಕ್ಕಿಂತ ಬಹಳ ಜಾಸ್ತಿ ಬರೀತಾರೆ. ಎಲ್ಲರೂ ಮಾಡ್ತಾರೆ ಅನ್ನೋ ಈ ತಪ್ಪು ಲೆಕ್ಕವೇ ಅವರನ್ನ ಎಳೆಯೋದು. ನಿಜವಾದ ಸಂಖ್ಯೆ ಇಡೀ ಶಾಲೆಯದ್ದು ತೋರಿಸು, ಒಂದು ಕ್ಲಾಸಿಂದು ತೋರಿಸಿದ್ರೆ ಯಾರು ಅಂತ ಗುರುತು ಹಿಡಿದುಬಿಡ್ತಾರೆ.

ಮಾಹಿತಿ ಬೇಡ ಅಂತಲ್ಲ. ಅವರ ವಯಸ್ಸಿಗೆ ಹತ್ತಿರ ಇರೋದನ್ನ ಮಾತ್ರ, ನಿಜ ಇದ್ದಷ್ಟೇ ಹೇಳು. ಎಳೇ ವಯಸ್ಸಲ್ಲಿ ನಿಕೋಟಿನ್ ಬೇಗ ಹಿಡ್ಕೊಳ್ಳತ್ತೆ, ದಿನಾ ಸೇದಬೇಕು ಅಂತಿಲ್ಲ. ಯೋಚಿಸಿ ತಡೆ ಹಾಕೋ ಮಿದುಳಿನ ಮುಂಭಾಗ ಸುಮಾರು 25 ವಯಸ್ಸಿನವರೆಗೂ ಬೆಳೀತಾನೇ ಇರತ್ತೆ. ಥಿನ್ನರ್ ಥರದ ದ್ರಾವಕ, ಅಂಟು ಇವುಗಳ ಆವಿ ಎಳೆದ್ರೆ ಮೊದಲ ಸಲಕ್ಕೇ ಹೃದಯ ನಿಂತುಹೋಗಬಹುದು, ಇದನ್ನ ಮಾತ್ರ ಗಟ್ಟಿಯಾಗಿ ಹೇಳು. ಆದ್ರೆ ಯಾವ ಡ್ರಗ್ ಹೇಗಿರತ್ತೆ, ಹೇಗೆ ಬಚ್ಚಿಡ್ತಾರೆ ಅನ್ನೋ ಪಟ್ಟಿ ಏಳನೇ ಕ್ಲಾಸಿಗೆ ಬೇಡವೇ ಬೇಡ.

ಹೊಡೆದಾಟಕ್ಕೆ ಬಂದ್ರೆ, ಹೊಡೆಯೋನು, ಹೊಡೆಸ್ಕೊಳ್ಳೋನು ಇಬ್ಬರನ್ನೇ ನೋಡಬೇಡ, ಸುತ್ತ ನಿಂತಿರೋರನ್ನ ನೋಡು. ಕೆನಡಾದಲ್ಲಿ ಶಾಲೆ ಮೈದಾನದಲ್ಲಿ ಮಕ್ಕಳು ಒಬ್ಬರನ್ನ ಗೋಳು ಹೊಯ್ಕೊಳ್ಳೋದನ್ನ ಚಿತ್ರೀಕರಿಸಿ ಅಧ್ಯಯನ ಮಾಡಿದ್ರು, 2001ರಲ್ಲಿ ಪ್ರಕಟ ಆಯ್ತು. ಬಹುಪಾಲು ಸಲ ಬೇರೆ ಮಕ್ಕಳು ಅಲ್ಲೇ ಇದ್ರು, ಮಧ್ಯೆ ಬಂದಿದ್ದು ಶೇಕಡ 19ರಷ್ಟು ಸಲ. ಆದ್ರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡ್ ಒಳಗೆ ನಿಂತುಹೋಗ್ತಿತ್ತು. ಹತ್ತು ಸೆಕೆಂಡ್! ಶಾಲೇಲಿ ಮಕ್ಕಳು ಮಕ್ಕಳನ್ನ ಕಾಡೋದನ್ನ ತಡೆಯೋ ಫಿನ್ಲೆಂಡಿನ ಕಿವಾ ಕಾರ್ಯಕ್ರಮವೂ ಈ ನೋಡ್ತಾ ನಿಲ್ಲೋ ಮಕ್ಕಳ ಮೇಲೇ ಕಟ್ಟಿದ್ದು. ನಗದೇ ಇರೋದು, ಫೋನಲ್ಲಿ ವಿಡಿಯೋ ಮಾಡದೇ ಇರೋದು, ಏಟು ತಿಂದ ಮಗು ಪಕ್ಕ ಹೋಗಿ ಕೂರೋದು, ದೊಡ್ಡೋರನ್ನ ಕರೆಯೋದು, ಇವನ್ನ ಅಭ್ಯಾಸ ಮಾಡಿಸು. ಮೈಮೇಲೆ ಬಿದ್ದು ಬಿಡಿಸೋಕೆ ಹೋಗಿ ಅಂತ ಮಾತ್ರ ಯಾವತ್ತೂ ಹೇಳಬೇಡ. ಆಮೇಲೆ ಕಾಡ್ತಿದ್ದವನನ್ನ, ಕಾಡಿಸ್ಕೊಂಡವನನ್ನ ಎದುರುಬದುರು ಕೂರಿಸಿ ಕೈ ಕುಲುಕಿಸಿ ರಾಜಿ ಮಾಡಿಸೋ ಪದ್ಧತಿ ನಂಗೆ ಸಹಿಸೋಕಾಗಲ್ಲ, ಹೆದರಿದ ಮಗು ಅಲ್ಲಿ ಬಾಯೇ ಬಿಡಲ್ಲ.

ತುಂಟರನ್ನೆಲ್ಲ ಆರಿಸಿ ಬೇರೆ ಕೂರಿಸಿ ಪಾಠ ಮಾಡಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಒಪ್ಪಬೇಡ. ಹಾಗೆ ಗುಂಪು ಮಾಡಿದ್ರೆ ಅವರವರೇ ಬೆನ್ನು ತಟ್ಟಿಕೊಂಡು ಇನ್ನೂ ಹೆಚ್ಚು ಮಾಡ್ತಾರೆ, ಅಧ್ಯಯನಗಳಲ್ಲೂ ಸಿಗರೇಟು ಹೆಚ್ಚಾಗಿದ್ದು ಕಂಡಿದೆ. ಸಿಕ್ಕಿಬಿದ್ದ ಕೂಡಲೇ ಶಾಲೆಯಿಂದ ಹೊರಗೆ ಹಾಕೋದೂ ಅಷ್ಟೇ. ಶಾಲೆ ನನ್ನದು ಅನ್ನೋ ಭಾವನೆ ಒಂದೇ ಆ ಮಗುವನ್ನ ಹಿಡಿದಿರೋ ದಾರ, ಅದನ್ನೇ ಕತ್ತರಿಸಿದ ಹಾಗಾಗತ್ತೆ.

ಇನ್ನೊಂದು ಮರೀಬೇಡ. ನಿನ್ನ ಕ್ಲಾಸಲ್ಲಿ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯೋದನ್ನ ನೋಡಿ ಬಂದ ಮಗು ಕೂತಿರಬಹುದು. ಕುಡಿಯೋರೆಲ್ಲ ಕೆಟ್ಟೋರು ಅಂತ ನೀನು ಅಂದ್ರೆ ಆ ಮಗು ತಲೆ ತಗ್ಗಿಸತ್ತೆ, ನಿನ್ನ ಹತ್ರ ಎಂದಿಗೂ ಬರಲ್ಲ. ಪಾಠ ಶುರು ಮಾಡೋ ಮುಂಚೆನೇ ಹೇಳ್ಬಿಡು, ದೊಡ್ಡೋರ ಕುಡಿತಕ್ಕೆ, ಹೊಡೆತಕ್ಕೆ ಮಕ್ಕಳು ಕಾರಣ ಅಲ್ಲ ಅಂತ. ಮನೆ ವಿಷಯ ಎಲ್ಲರೆದುರು ಹೇಳಿಸಬೇಡ. ಆಮೇಲೆ ಯಾರಾದ್ರೂ ಬಂದು "ಮಿಸ್, ಯಾರಿಗೂ ಹೇಳಬೇಡಿ" ಅಂದ್ರೆ ಆ ಮಾತು ಕೊಡಬೇಡ. "ನಿನ್ನ ಕಾಪಾಡೋಕೆ ಬೇಕಾದೋರಿಗೆ ಮಾತ್ರ ಹೇಳ್ತೀನಿ, ಹೇಳೋ ಮೊದಲು ನಿಂಗೆ ತಿಳಿಸ್ತೀನಿ" ಅನ್ನು. ಯಾರಿಗೆ ಹೇಳಬೇಕು, ಕೌನ್ಸೆಲರ್ ಯಾರು, ಮಕ್ಕಳ ರಕ್ಷಣೆಯ ಸಹಾಯವಾಣಿ ಯಾವುದು, ಇದೆಲ್ಲ ಮೊದಲ ಪಾಠಕ್ಕೆ ಮುಂಚೆ ನಿನ್ನ ಕೈಲಿರಬೇಕು. ಅದು ಸಿದ್ಧ ಇಲ್ಲದೆ ಶುರು ಮಾಡಬೇಡ.

ಅತ್ತಿಗೆ, ಎಲ್ಲಾ ಟೀಚರೇ ಮಾಡಬೇಕಾ ಅಂತ ನೀವು ಕೇಳಿದ್ರಿ. ಖಂಡಿತ ಇಲ್ಲ. ಐಸ್‌ಲೆಂಡ್‌ನಲ್ಲಿ 1998ರಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಶೇಕಡ 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದ್ದಾಗಿ ಹೇಳಿದ್ರು, 2016ಕ್ಕೆ ಅದು ಶೇಕಡ 5ಕ್ಕೆ ಇಳೀತು. ಅಲ್ಲಿ ಸಾಯಂಕಾಲ ಆಟ, ಸಂಗೀತಕ್ಕೆ ದುಡ್ಡು ಕೊಟ್ರು, ರಾತ್ರಿ ಮಕ್ಕಳು ಹೊರಗಿರೋ ಹೊತ್ತಿಗೆ ಮಿತಿ ಹಾಕಿದ್ರು, ತಂದೆತಾಯಂದಿರು ಒಟ್ಟಿಗೆ ಕೂತು ಒಪ್ಪಂದ ಮಾಡ್ಕೊಂಡ್ರು. ನೀವೂ ನಿಮ್ಮ ಮಗನ ಗೆಳೆಯರ ಅಮ್ಮಂದಿರ ಜೊತೆ ಒಂದು ಸಾಯಂಕಾಲ ಕೂತು ಮಾತಾಡಿ, ಅಲ್ಲಿಂದ ಶುರು ಮಾಡಬಹುದು.

ಪುಟ್ಟಿ, ನಿನ್ನ ಕ್ಲಾಸಲ್ಲಿ ನಿಜವಾಗ್ಲೂ ನಡೆಯೋಂಥ ಮೂರು ನಾಲ್ಕು ಸನ್ನಿವೇಶ ಬರ್ದು ನಂಗೆ ಬೇರೆಯಾಗಿ ಕಳಿಸು, ಈ ಗ್ರೂಪಲ್ಲಿ ಬೇಡ, ಮಕ್ಕಳ ಹೆಸರೂ ಬೇಡ. ಮೊದಲ ಪಾಠದ ಸಂಭಾಷಣೆ ಇಬ್ಬರೂ ಸೇರಿ ಬರೆಯೋಣ, ಆಮೇಲೆ ಹೆಡ್‌ಮಿಸ್ ಹತ್ರ ಹೋಗಿ ವಾರದ ಪೀರಿಯಡ್ ಕೇಳು.