ಹಳೆಯ ಫೋರ್ಟ್ರಾನ್ 77 ಕೋಡ್: ಜಿಫೋರ್ಟ್ರಾನ್ 13ರಲ್ಲಿ ಟೈಪ್ ಮಿಸ್‌ಮ್ಯಾಚ್ ಎರರ್

ಪ್ರಶ್ನೆ:
ಜಿಫೋರ್ಟ್ರಾನ್ (ಜಿಸಿಸಿ ಸಂಗ್ರಹದ ಫೋರ್ಟ್ರಾನ್ ಕಂಪೈಲರ್) 9ರಲ್ಲಿ ಕಂಪೈಲ್ ಆಗುತ್ತಿದ್ದ ಕೋಡ್ 13ರಲ್ಲಿ ನಿಲ್ಲುತ್ತಿದೆ. ಒಂದೇ ಸಬ್‌ರೂಟೀನ್‌ಗೆ ಒಂದು ಕಡೆ ರಿಯಲ್ ಅರೇ, ಇನ್ನೊಂದು ಕಡೆ ಇಂಟಿಜರ್ ಅರೇ ಹೋಗುತ್ತದೆ. ಆ ಸಬ್‌ರೂಟೀನ್ ಈ ಫೈಲಿನಲ್ಲೇ ಇಲ್ಲ, ಆದರೂ ಎರರ್ ಯಾಕೆ? -ಎಸ್‌ಟಿಡಿ=ಲೆಗಸಿ (ಹಳೆಯ ರೂಢಿಗಳನ್ನು ಒಪ್ಪುವ ಆಯ್ಕೆ) ಹಾಕಿದರೆ ಕಂಪೈಲ್ ಆಗುತ್ತದೆ, ಆದರೆ -ಒ0 (ಆಪ್ಟಿಮೈಸೇಶನ್ ಇಲ್ಲದೆ) ಮತ್ತು -ಒ2 (ಆಪ್ಟಿಮೈಸೇಶನ್ ಜೊತೆ) ಉತ್ತರಗಳು ತಾಳೆಯಾಗುವುದಿಲ್ಲ.

ಉತ್ತರ 1:
ಸಬ್‌ರೂಟೀನ್ ಕಾಣಬೇಕಾಗಿಲ್ಲ. ಫೈಲಿನಲ್ಲಿರುವ ಎರಡು ಕಾಲ್‌ಗಳನ್ನು ಒಂದಕ್ಕೊಂದು ಹೋಲಿಸಿಯೇ ಕಂಪೈಲರ್ ತಪ್ಪು ಹಿಡಿಯುತ್ತದೆ. ಜಿಸಿಸಿ 10ರಿಂದ (2020) ಇದು ಎರರ್. -ಎಫ್‌ಅಲೋ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್ ಹಾಕಿದರೆ ವಾರ್ನಿಂಗ್‌ಗೆ ಇಳಿಯುತ್ತದೆ. ಅದನ್ನು ಆ ಫೈಲಿಗೆ ಮಾತ್ರ ಹಾಕಿ. ಲೆಗಸಿ ಆಯ್ಕೆ ಬೇರೆ ಹತ್ತಾರು ತಪ್ಪುಗಳಿಗೂ ಬಾಗಿಲು ತೆರೆಯುತ್ತದೆ.

ಸರಿಯಾದ ದುರಸ್ತಿ: ವರ್ಕ್‌ಸ್ಪೇಸ್ (ತಾತ್ಕಾಲಿಕ ಲೆಕ್ಕಕ್ಕೆ ಬಳಸುವ) ಅರೇಯನ್ನು ರಿಯಲ್‌ಗೊಂದು, ಇಂಟಿಜರ್‌ಗೊಂದು ಎಂದು ಬೇರ್ಪಡಿಸಿ. ಎರಡೂ ಬಗೆ ನಿಜಕ್ಕೂ ಬೇಕಿದ್ದರೆ ಮಾಡ್ಯೂಲ್‌ನಲ್ಲಿ ಎರಡು ಸಬ್‌ರೂಟೀನ್ ಬರೆದು ಜೆನೆರಿಕ್ ಇಂಟರ್‌ಫೇಸ್ (ಎರಡಕ್ಕೂ ಒಂದೇ ಹೆಸರು) ಕೊಡಿ. "ರ‍್ಯಾಂಕ್ ಮಿಸ್‌ಮ್ಯಾಚ್" ಬಂದರೆ, ಅರೇ ಬಯಸುವ ಕಡೆ ಸ್ಕೇಲರ್ (ಒಂಟಿ ಬೆಲೆ) ಹೋಗಿದೆ ಎಂದರ್ಥ. ಎ(1) ಎಂಬ ಅರೇ ಎಲಿಮೆಂಟ್ ಕಳಿಸಬಹುದು, ಎನ್ ಎಂಬ ಬರಿಯ ಸ್ಕೇಲರ್ ಕಳಿಸುವಂತಿಲ್ಲ. ಒಂದು ಎಲಿಮೆಂಟಿನ ತಾತ್ಕಾಲಿಕ ಅರೇ ಮಾಡಿ ಕಳಿಸಿ, ಮರಳಿದ ಮೇಲೆ ಬೆಲೆಯನ್ನು ಎನ್‌ಗೆ ವಾಪಸ್ ಹಾಕಿ.

ಉತ್ತರ 2:
-ಒ2 ವ್ಯತ್ಯಾಸ ಬಹುಶಃ ಬೇರೆಯದೇ ರೋಗ. ಹಳೆಯ ಕಂಪೈಲರ್‌ಗಳಲ್ಲಿ ಹಲವು ಲೋಕಲ್ ವೇರಿಯಬಲ್‌ಗಳನ್ನು ಸ್ಟ್ಯಾಟಿಕ್ ಮೆಮೊರಿಯಲ್ಲಿ ಇಡುತ್ತಿದ್ದವು. ಹಿಂದಿನ ಕಾಲ್‌ನ ಬೆಲೆ ಉಳಿಯುತ್ತದೆಂದು ನಂಬಿ ಬರೆದ ಕೋಡ್, ವೇರಿಯಬಲ್ ಸ್ಟ್ಯಾಕ್‌ಗೆ ಹೋದಾಗ ಕಸ ಓದುತ್ತದೆ. ಮೊದಲು -ಎಫ್‌ನೋ-ಆಟೊಮ್ಯಾಟಿಕ್ (ಲೋಕಲ್ ವೇರಿಯಬಲ್‌ಗಳನ್ನು ಸ್ಟ್ಯಾಟಿಕ್ ಆಗಿ ಇಡುವ ಆಯ್ಕೆ) ಹಾಕಿ ನೋಡಿ. ಉತ್ತರ ಸರಿಹೋದರೆ ಕಾರಣ ಬಹುತೇಕ ಇದೇ.

ಜಾಗ ಹುಡುಕಲು: -ಒ0 -ಜಿ -ಎಫ್‌ಬ್ಯಾಕ್‌ಟ್ರೇಸ್ -ಎಫ್‌ಇನಿಟ್-ರಿಯಲ್=ಎಸ್‌ನ್ಯಾನ್ -ಎಫ್‌ಎಫ್‌ಪಿಇ-ಟ್ರ್ಯಾಪ್=ಇನ್ವ್ಯಾಲಿಡ್. ಬೆಲೆ ಕೊಡದ ರಿಯಲ್ ಬಳಕೆಯಾದ ಸಾಲಿನಲ್ಲೇ ಪ್ರೋಗ್ರಾಂ ಬೀಳುತ್ತದೆ. ಈಕ್ವಿವಲೆನ್ಸ್‌ನಲ್ಲಿ (ಒಂದೇ ಮೆಮೊರಿ ಜಾಗ ಹಂಚಿಕೊಂಡು) ಇರುವವು ಇದಕ್ಕೆ ಸಿಗುವುದಿಲ್ಲ. ಸಿಕ್ಕ ವೇರಿಯಬಲ್‌ಗೆ ಮಾತ್ರ ಸೇವ್ (ಕಾಲ್‌ಗಳ ನಡುವೆ ಬೆಲೆ ಉಳಿಸುವ ಘೋಷಣೆ) ಬರೆಯಿರಿ.

ಪ್ರಶ್ನೆ ಕೇಳಿದವರು:
ಓಪನ್‌ಎಂಪಿ (ಹಲವು ಥ್ರೆಡ್‌ಗಳಲ್ಲಿ ಸಮಾಂತರವಾಗಿ ಓಡಿಸುವ ವಿಧಾನ) ಇದ್ದರೆ -ಎಫ್‌ನೋ-ಆಟೊಮ್ಯಾಟಿಕ್ ಶಾಶ್ವತವಾಗಿ ಇಡಬಹುದೇ?

ಉತ್ತರ 2:
ಬೇಡ. ಸೇವ್ ಆದ ವೇರಿಯಬಲ್ ಎಲ್ಲ ಥ್ರೆಡ್‌ಗಳಿಗೂ ಒಂದೇ, ಒಂದರ ಬೆಲೆಯನ್ನು ಇನ್ನೊಂದು ಅಳಿಸುತ್ತದೆ. ನಿಜಕ್ಕೂ ಬೆಲೆ ಉಳಿಯಲೇಬೇಕಾದವನ್ನು ಥ್ರೆಡ್‌ಪ್ರೈವೇಟ್ (ಪ್ರತಿ ಥ್ರೆಡ್‌ಗೂ ಪ್ರತ್ಯೇಕ ಪ್ರತಿ) ಮಾಡಿ.

ಉತ್ತರ 3:
-ಒ2 ವ್ಯತ್ಯಾಸಕ್ಕೆ ಇನ್ನೊಂದು ಸಾಮಾನ್ಯ ಕಾರಣ: ಕಾಲ್‌ನಲ್ಲಿ ಒಂದೇ ವೇರಿಯಬಲ್ ಎರಡು ಆರ್ಗ್ಯುಮೆಂಟ್‌ಗಳಾಗಿ ಹೋಗಿ, ಒಳಗೆ ಒಂದರಲ್ಲಿ ಬರೆಯುವುದು. ಸ್ಟ್ಯಾಂಡರ್ಡ್ ಇದನ್ನು ಒಪ್ಪುವುದಿಲ್ಲ, ಹಾಗಾಗಿ ಆಪ್ಟಿಮೈಸರ್ ಅವೆರಡೂ ಬೇರೆ ಎಂದೇ ಭಾವಿಸುತ್ತದೆ. -ಎಫ್‌ಚೆಕ್=ಆಲ್ (ಪ್ರೋಗ್ರಾಂ ಓಡುವಾಗಿನ ತಪಾಸಣೆಗಳು) ಇದನ್ನು ಹಿಡಿಯುವುದಿಲ್ಲ, ಕಾಲ್‌ಗಳನ್ನು ಕಣ್ಣಿನಿಂದಲೇ ಓದಬೇಕು.