ನಾರ್ಮಲ್‌ನಲ್ಲಿ ದೋಸೆ ಹೋಟೆಲ್: ಆಟದ ದಿನದ ಜನಜಂಗುಳಿ ನಂಬಿ ಲೀಸ್‌ಗೆ ಸಹಿ ಹಾಕಬಹುದಾ?

ಕೇಳಿದವರು (ಮೈಸೂರು ಮೂಲ)

ಎಲ್ಲರಿಗೂ ನಮಸ್ಕಾರ. ನಾವು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್-ನಾರ್ಮಲ್ ಜೋಡಿ ಊರಿಗೆ ಬಂದು ಒಂಬತ್ತು ವರ್ಷವಾಯಿತು. ಯಜಮಾನರು ಇನ್ಶೂರೆನ್ಸ್ ಕಂಪನಿಯ ಐಟಿ ಪ್ರಾಜೆಕ್ಟ್‌ನಲ್ಲಿದ್ದಾರೆ, ಎಚ್-1ಬಿ ಕೆಲಸದ ವೀಸಾ. ನನಗೆ ಎಚ್-4 ಇಎಡಿ, ಅಂದರೆ ಅವಲಂಬಿತ ವೀಸಾದ ಮೇಲೆ ಸಿಗುವ ಕೆಲಸದ ಪರವಾನಗಿ ಕಾರ್ಡ್ ಇದೆ. ಅಡುಗೆಯಲ್ಲಿ ಕೈ ಪಳಗಿದೆ. ಸಣ್ಣದೊಂದು ದೋಸೆ-ಇಡ್ಲಿ ಹೋಟೆಲ್ ಮಾಡಬೇಕೆಂಬ ಆಸೆ ಬಹಳ ದಿನದ್ದು.

ಈಗ ಅಪ್‌ಟೌನ್ ನಾರ್ಮಲ್‌ನಲ್ಲಿ, ಇಲಿನಾಯ್ ಸ್ಟೇಟ್ ಯೂನಿವರ್ಸಿಟಿಗೆ ನಡೆದೇ ಹೋಗುವಷ್ಟು ಹತ್ತಿರ ಒಂದು ಜಾಗ ಸಿಕ್ಕಿದೆ. ಮೂವತ್ತು ಸೀಟು. ಬ್ರೋಕರ್ ಪ್ರಕಾರ ಯೂನಿವರ್ಸಿಟಿ ತಂಡ ರೆಡ್‌ಬರ್ಡ್ಸ್ ಆಟ ಇದ್ದ ದಿನ ಕಾಲಿಡಲೂ ಜಾಗ ಇರುವುದಿಲ್ಲವಂತೆ. ವಿದ್ಯುತ್ ವಾಹನದ ರಿವಿಯನ್, ಚಾಕೊಲೇಟ್‌ನ ಫೆರೇರೋ ಎಲ್ಲ ಬಂದು ಊರು ಬೆಳೆಯುತ್ತಿದೆ, ಬಾಡಿಗೆ ಇನ್ನೂ ಏರುತ್ತದೆ, ಐದು ವರ್ಷಕ್ಕೆ ಈಗಲೇ ಸಹಿ ಹಾಕಿ ಅನ್ನುತ್ತಿದ್ದಾರೆ. ಇಲ್ಲಿ ಅಂಗಡಿ ನಡೆಸಿದವರು, ಓದಿದವರು, ಊರು ನೋಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ತಿಪಟೂರು ಕಡೆಯವರು, ಅಂಗಡಿ ನಡೆಸಿ ಮುಚ್ಚಿದವರು

ಮೇಡಂ, ಸಹಿ ಹಾಕುವ ಮುಂಚೆ ಗೋಡೆ ಕ್ಯಾಲೆಂಡರ್ ಒಂದು, ಕೆಂಪು ಪೆನ್ನು ಒಂದು ತಗೊಳ್ಳಿ. ನಾನು ಕ್ಯಾಂಪಸ್ಸಿನ ಪಕ್ಕ ನಾಲ್ಕು ವರ್ಷ ಸ್ಯಾಂಡ್‌ವಿಚ್ ಅಂಗಡಿ ನಡೆಸಿದೆ. ಈ ಕೆಲಸವನ್ನು ನಾನು ಮಾಡಿದ್ದು ಎರಡನೇ ವರ್ಷ, ಸಾಲ ಆದಮೇಲೆ.

ಮೊದಲು ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ದಿನಗಳ ಗುರುತು ಹಾಕಿ. ಒಂದು ಸೀಸನ್‌ನಲ್ಲಿ ಸ್ವಂತ ಮೈದಾನದ ಆಟ ಆರು ಅಂತ ಇಟ್ಟುಕೊಳ್ಳಿ. ತಂಡ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಸುತ್ತು) ಮುಟ್ಟಿ ಆಟ ಇಲ್ಲೇ ಬಿದ್ದರೆ ಒಂದೋ ಎರಡೋ ಜಾಸ್ತಿ. ಹ್ಯಾನ್ಕಾಕ್ ಸ್ಟೇಡಿಯಂನಲ್ಲಿ ಹಿಡಿಸುವುದು 13,000 ಚಿಲ್ಲರೆ ಜನ. ಐವತ್ತು ಮೈಲಿ ಆಚೆ ಶಾಂಪೇನ್‌ನಲ್ಲಿರುವುದು ಬಿಗ್ ಟೆನ್ ಎಂಬ ದೊಡ್ಡ ಲೀಗಿನ ತಂಡ, 60,000 ಜನರ ಮೈದಾನ. ಬ್ರೋಕರ್‌ಗಳು ಆ ಊರಿನ ಕಥೆಯನ್ನು ಈ ಊರಿಗೆ ಅಂಟಿಸಿ ಹೇಳುತ್ತಾರೆ. ಆ ಆರು ಶನಿವಾರವೂ ಜನ ನಿಮ್ಮ ಹತ್ತಿರ ಬರುವುದು ಕಮ್ಮಿ. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆಗೆದು, ಒಲೆ ಹಚ್ಚಿ, ಬರ್ಗರ್, ಸಾಸೇಜ್ ಸುಟ್ಟುಕೊಂಡು ತಿಂದೇ ಒಳಗೆ ಹೋಗುತ್ತಾರೆ. ಅದಕ್ಕೆ ಟೇಲ್‌ಗೇಟ್ ಅಂತ ಹೆಸರು. ನಮ್ಮ ಕಡೆ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಹೋದವರು ಹೋಟೆಲಿಗೆ ಬರುತ್ತಾರಾ? ಆಟ ಮುಗಿದಮೇಲೆ ಅವರಿಗೆ ಬೇಕಿರುವುದು ಬಿಯರ್. ನಿಮ್ಮ ಹತ್ತಿರ ಲಿಕ್ಕರ್ ಲೈಸೆನ್ಸ್ ಇಲ್ಲದಿದ್ದರೆ ಪಕ್ಕದ ಬಾಗಿಲಿಗೆ ಹೋಗುತ್ತಾರೆ.

ನನಗೆ ಒಳ್ಳೆ ದುಡ್ಡು ಬಂದದ್ದು ಫುಟ್‌ಬಾಲ್‌ನಿಂದ ಅಲ್ಲವೇ ಅಲ್ಲ. ಆಗಸ್ಟ್‌ನಲ್ಲಿ ಮಕ್ಕಳನ್ನು ಹಾಸ್ಟೆಲಿಗೆ ಬಿಡುವ ವಾರ, ಮೇ ತಿಂಗಳ ಪದವಿ ಪ್ರದಾನ, ಅಪ್ಪ-ಅಮ್ಮಂದಿರು ಬರುವ ಫ್ಯಾಮಿಲಿ ವೀಕೆಂಡ್. ಆಗ ಕಾರ್ಡ್ ತಂದೆಯ ಕೈಯಲ್ಲಿರುತ್ತದೆ, ಮಗ ಎರಡು ಪ್ಲೇಟ್ ಹೇಳುತ್ತಾನೆ.

ಈಗ ಅದೇ ಕೆಂಪು ಪೆನ್ನಲ್ಲಿ ಸತ್ತ ದಿನಗಳನ್ನು ಹೊಡೆಯಿರಿ. ಮೇ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಊರಲ್ಲಿ ವಿದ್ಯಾರ್ಥಿಗಳೇ ವಿರಳ. ಡಿಸೆಂಬರ್ ಮಧ್ಯದಿಂದ ಒಂದು ತಿಂಗಳು ಮತ್ತೆ ಖಾಲಿ. ಮಾರ್ಚ್‌ನಲ್ಲಿ ಒಂದು ವಾರ, ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಒಂದು ವಾರ. ಕಾಲೇಜು ಊರಿನಲ್ಲಿ ವ್ಯಾಪಾರದ ವರ್ಷಕ್ಕೆ ಎಂಟು ತಿಂಗಳು, ಬಾಡಿಗೆಗೆ ಹನ್ನೆರಡು. ಜುಲೈನಲ್ಲಿ ನಾನೊಬ್ಬನೇ ಕೂತು ಬೀದಿಯಾಚೆಯ ಕಾರಂಜಿ ನೋಡಿದ್ದೇನೆ. ಚೆನ್ನಾಗಿದೆ ಕಾರಂಜಿ.

ಕುಂದಾಪುರದ ಹುಡುಗ, ಇಲ್ಲೇ ಮಾಸ್ಟರ್ಸ್ ಮಾಡಿದವನು

ಅಕ್ಕ, ವಿದ್ಯಾರ್ಥಿಗಳ ಕಡೆಯಿಂದ ಹೇಳ್ತೇನೆ. ಮೊದಲ ವರ್ಷದ ಅಮೆರಿಕನ್ ಮಕ್ಕಳೆಲ್ಲ ಹಾಸ್ಟೆಲ್ಲಿನ ಮೀಲ್ ಪ್ಲಾನ್‌ನಲ್ಲಿ ಇರ್ತಾರೆ, ದುಡ್ಡು ಕಟ್ಟಿ ಆಗಿರ್ತದೆ. ಅವರು ಹೊರಗೆ ತಿನ್ನುವುದು ರಾತ್ರಿ ಹತ್ತರ ನಂತರ. ನೀವು ಒಂಬತ್ತಕ್ಕೆ ಶಟರ್ ಎಳೆದರೆ ಆ ಗಿರಾಕಿ ನಿಮಗಿಲ್ಲ.

ನಮ್ಮವರು ಬಂದೇ ಬರ್ತಾರೆ ಅಂತ ಲೆಕ್ಕ ಹಾಕಬೇಡಿ. ನಾವು ನಾಲ್ಕು ಜನ ಒಂದು ಮನೆ, ಒಂದು ರೈಸ್ ಕುಕ್ಕರ್, ಪಾಳಿಯ ಮೇಲೆ ಸಾರು. ಹದಿಮೂರು ಡಾಲರ್ ಮಸಾಲೆದೋಸೆ ಅಂದರೆ ಮನಸ್ಸಲ್ಲೇ ರೂಪಾಯಿಗೆ ಗುಣಿಸಿ ವಾಪಸ್ ಹೋಗ್ತಿದ್ದೆವು. ಯಾರದಾದರೂ ಜಾಬ್ ಆಫರ್ ಬಂದ ದಿನ ಮಾತ್ರ ಹೋಟೆಲ್.

ಇನ್ನೊಂದು ಮಾತು, ಇದು ಮುಖ್ಯ. ಎಫ್-1 (ವಿದ್ಯಾರ್ಥಿ ವೀಸಾ) ಹುಡುಗರನ್ನು ಕೈಗೆ ನಗದು ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ಅವರು ಕ್ಯಾಂಪಸ್ ಒಳಗೆ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಪಾಪ, ಅವರೇ ಬಂದು ಕೇಳ್ತಾರೆ, ನಾನೂ ಕೇಳಿದ್ದೆ. ಆ ಹೋಟೆಲಿನವರು ಬೈದು ಕಳಿಸಿ, ಹೋಗುವಾಗ ಒಂದು ಊಟ ಕಟ್ಟಿಕೊಟ್ಟರು. ಅವರು ಬೈದದ್ದೇ ಉಪಕಾರ ಅಂತ ಗೊತ್ತಾದದ್ದು ವೀಸಾ ಸ್ಟ್ಯಾಂಪಿಂಗ್‌ಗೆ ಕೂತಾಗ.

ಧಾರವಾಡದವರು, ಸೀಸನ್ ಟಿಕೆಟ್ ಇರೋರು

ತಿಪಟೂರಿನವರು ಹೇಳಿದ್ದು ಖರೇ ಅದ, ಆದ್ರ ಅರ್ಧಾ. ಫುಟ್‌ಬಾಲ್ ಒಂದ ನೋಡಿದ್ರ ಹೆಂಗ್ರಿ? ಈ ಊರಿನ ಜೀವ ಇರೋದು ಬಾಸ್ಕೆಟ್‌ಬಾಲ್‌ನ್ಯಾಗ. ಡಗ್ ಕಾಲಿನ್ಸ್ ಇಲ್ಲೇ ಆಡಿದವ, 1973ರಾಗ ವೃತ್ತಿಪರ ಲೀಗ್ ಎನ್‌ಬಿಎ ಹೊಸ ಆಟಗಾರರನ್ನ ಆರಿಸೋ ಡ್ರಾಫ್ಟ್‌ನ್ಯಾಗ ಮೊದಲನೇ ಆಯ್ಕಿ ಅವನದ. ಬ್ಲೂಮಿಂಗ್ಟನ್ ಕಡೆ ಇಲಿನಾಯ್ ವೆಸ್ಲಿಯನ್ ಅಂತ ಸಣ್ಣ ಕಾಲೇಜ್ ಅದ. ಈಗ ಆಟದ ಸ್ಕಾಲರ್‌ಶಿಪ್ ಇಲ್ಲದ ಮೂರನೇ ದರ್ಜೆ ಲೀಗಿನ್ಯಾಗ ಅದ, ಅಲ್ಲಿಂದ ಜ್ಯಾಕ್ ಸಿಕ್ಮಾ ಎನ್‌ಬಿಎಗೆ ಹೋಗಿ 2019ರಾಗ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ. ಇಂಥಾ ಊರು ಇದು. 2015ರ ಜನವರಿಯೊಳಗ ರೆಡ್‌ಬರ್ಡ್ಸ್ ಫುಟ್‌ಬಾಲ್ ಫೈನಲ್ ನಾರ್ತ್ ಡಕೋಟಾ ಸ್ಟೇಟ್ ವಿರುದ್ಧ 29-27ಕ್ಕ ಸೋತಾಗ ನಾ ಎರಡ ದಿನ ಯಾರ ಜೋಡಿನೂ ಮಾತಾಡ್ಲಿಲ್ಲ. ಮನಿಯಾಕಿ ಇನ್ನೂ ನಗ್ತಾಳ.

ವ್ಯಾಪಾರದ ಮಾತಿಗೆ ಬರೋಣ. ಬಾಸ್ಕೆಟ್‌ಬಾಲ್ ಚಳಿಗಾಲದಾಗ, ನಡು ವಾರದ ಸಂಜಿಗೆ. ಹೊರಗ ಹಿಮ, ಟೇಲ್‌ಗೇಟ್ ಮಾಡಾಕ ಆಗೂದಿಲ್ಲ. ಏಳಕ್ಕ ಆಟ ಅಂದ್ರ ಐದೂವರಿಗೆ ಎಲ್ಯಾರ ಕುಂತು ಬಿಸಿ ಬಿಸಿ ತಿಂದ ಹೋಗ್ತಾರ. ಗಂಡಸರ ಆಟ, ಹೆಣ್ಣುಮಕ್ಕಳ ಆಟ ಎರಡೂ ಸೇರ್ಸಿ ಲೆಕ್ಕಾ ಹಾಕ್ರಿ, ಫುಟ್‌ಬಾಲ್‌ನ ನಾಕ-ಐದ ಪಟ್ಟು ದಿನ ಆಗ್ತಾವ.

ಯಾರೂ ಹೇಳದ ಮಾತೊಂದು. ಥ್ಯಾಂಕ್ಸ್‌ಗಿವಿಂಗ್ ವಾರ ಖಾಲಿ ಅಂದ್ರಲ್ಲ, ಅದೇ ವಾರದ ಶುಕ್ರವಾರ-ಶನಿವಾರ ಇಡೀ ರಾಜ್ಯದ ಹೈಸ್ಕೂಲ್ ಫುಟ್‌ಬಾಲ್ ಫೈನಲ್ 2023ರಿಂದ ಮತ್ತ ಹ್ಯಾನ್ಕಾಕ್‌ಗೆ ಬಂದಾವ. ಎಂಟು ದರ್ಜೆ, ಎಂಟು ಫೈನಲ್, ಹದಿನಾರು ಊರಿನ ಮಂದಿ. ದೂರ ದೂರದಿಂದ ಬಂದ ಅವ್ವ-ಅಪ್ಪಗಳಿಗೆ ಊಟಾ ಬೇಕು. ಹೈಸ್ಕೂಲ್ ಹುಡುಗ್ಯಾರ ವಾಲಿಬಾಲ್, ಬಾಸ್ಕೆಟ್‌ಬಾಲ್ ಫೈನಲ್‌ಗಳೂ ಇಲ್ಲೇ, ಯೂನಿವರ್ಸಿಟಿ ಅರೀನಾದಾಗ. ಹೊರಗಿನ ತಂಡ ಬಸ್ಸಿನ್ಯಾಗ ಬರ್ತಾವ, ನಲವತ್ತು ಡಬ್ಬಿ ಊಟಾ ಒಮ್ಮೆಲೇ ಆರ್ಡರ್ ಮಾಡ್ತಾವ. ಅವ್ರಿಗೆ ಅನ್ನ, ಕೋಳಿ, ಖಾರ ಕಡಿಮಿ. ದ್ವಾಸಿ ಕೊಡಾಕ ಹೋಗಬ್ಯಾಡ್ರಿ, ಡಬ್ಬ್ಯಾಗ ರಬ್ಬರ್ ಆಗ್ತದ.

ಮತ್ತ ಮೆನು ಮ್ಯಾಲ ರೆಡ್‌ಬರ್ಡ್ ಹಕ್ಕಿ ಚಿತ್ರ ಹಾಕಬ್ಯಾಡ್ರಿ, ಅದಕ್ಕ ಯೂನಿವರ್ಸಿಟಿ ಪರವಾನಗಿ ಬೇಕು. ಬೇಕಂದ್ರ ಒಬ್ಬ ಆಟಗಾರಗ ತಿಂಗಳಾ ಇಷ್ಟು ಊಟಾ ಅಂತ ಕರಾರು ಮಾಡಿ ಅವನ ಕಡೆಯಿಂದ ಒಂದ ವಿಡಿಯೋ ಹಾಕಸ್ರಿ. 2021ರಿಂದ ಕಾಲೇಜ್ ಆಟಗಾರರು ತಮ್ಮ ಹೆಸರಿನ ಮ್ಯಾಲ ಗಳಸಬಹುದು.

ಶಿವಮೊಗ್ಗ ಮೂಲ, 1990ರ ದಶಕದಿಂದ ಇಲ್ಲೇ ಇರುವವರು

ಆಟದ ವಿಷಯ ಅವರು ಹೇಳಿದರು. ನಾನು 'ಊರು ಬೆಳೆಯುತ್ತಿದೆ' ಎಂಬ ಮಾತಿನ ಬಗ್ಗೆ ಹೇಳುತ್ತೇನಮ್ಮ.

ನಾವು ಬಂದಾಗ ಪಶ್ಚಿಮದ ಅಂಚಿನಲ್ಲಿ ಮಿತ್ಸುಬಿಷಿ ಕಾರ್ಖಾನೆ ಗಿಜಿಗುಡುತ್ತಿತ್ತು. ಕ್ರೈಸ್ಲರ್ ಜೊತೆ ಸೇರಿ 1988ರಲ್ಲಿ ಕಾರು ತಯಾರಿಸಲು ಶುರು ಮಾಡಿದ್ದರು. 2015ರಲ್ಲಿ ಉತ್ಪಾದನೆ ನಿಂತಿತು. ಅಲ್ಲಿನ ಶಿಫ್ಟ್ ನಂಬಿಕೊಂಡು ಬೆಳಗಿನ ಜಾವ ತೆರೆಯುತ್ತಿದ್ದ ತಿಂಡಿ ಅಂಗಡಿಯವರೊಬ್ಬರು ನಮಗೆ ಪರಿಚಯ, ಆರು ತಿಂಗಳಲ್ಲಿ ಬೀಗ ಹಾಕಿದರು. 2017ರಲ್ಲಿ ರಿವಿಯನ್ ಅದೇ ಕಾರ್ಖಾನೆಯನ್ನು 1.6 ಕೋಟಿ ಡಾಲರಿಗೆ ಕೊಂಡಾಗ ಅಷ್ಟು ದೊಡ್ಡ ಶೆಡ್ ಅಷ್ಟು ಅಗ್ಗಕ್ಕೆ ಹೋಯಿತಲ್ಲ ಅಂತ ನಾವೆಲ್ಲ ಮಾತಾಡಿಕೊಂಡೆವು. 2021ರಲ್ಲಿ ಅಲ್ಲಿಂದ ವಿದ್ಯುತ್ ಟ್ರಕ್ ಹೊರಬಂತು. ಮಿತ್ಸುಬಿಷಿ ಮೋಟರ್‌ವೇ ಅಂತಿದ್ದ ರಸ್ತೆ ರಿವಿಯನ್ ಮೋಟರ್‌ವೇ ಆಯಿತು, ಮನೆ ಬಾಡಿಗೆ ನಮ್ಮ ಕಣ್ಣೆದುರೇ ಏರಿತು. ನಡುವೆ ನೌಕರಿ ಕಡಿತದ ಸುದ್ದಿಯೂ ಬಂದುಹೋಯಿತು.

ಇನ್ಶೂರೆನ್ಸ್ ಕಂಪನಿ ಸ್ಟೇಟ್ ಫಾರ್ಮ್ 1922ರಲ್ಲಿ ಇಲ್ಲೇ ಹುಟ್ಟಿದ್ದು, ಮುಖ್ಯ ಕಚೇರಿ ಈಗಲೂ ಇಲ್ಲೇ. ಆದರೂ ಡಲ್ಲಾಸ್, ಅಟ್ಲಾಂಟಾ, ಫೀನಿಕ್ಸ್ ಹತ್ತಿರ ದೊಡ್ಡ ಕ್ಯಾಂಪಸ್‌ಗಳಾದವು. ಬ್ಲೂಮಿಂಗ್ಟನ್ ಡೌನ್‌ಟೌನ್‌ನ ಹಳೇ ಕಟ್ಟಡವನ್ನು 2018ರಲ್ಲಿ ಖಾಲಿ ಮಾಡಿದರು. ಕೋವಿಡ್ ಆದಮೇಲೆ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚು. ಮಧ್ಯಾಹ್ನದ ಊಟಕ್ಕೆ ಐಟಿಯವರು ಗುಂಪಾಗಿ ಹೊರಗೆ ಬರುತ್ತಿದ್ದ ಕಾಲವನ್ನು ನೆನೆಸಿಕೊಂಡು ಲೆಕ್ಕ ಹಾಕಬೇಡಿ. ಬೇಕಾದರೆ ಮಂಗಳವಾರ, ಬುಧವಾರ, ಗುರುವಾರ ಅಪ್‌ಟೌನ್‌ನಲ್ಲೂ ವೆಟರನ್ಸ್ ಪಾರ್ಕ್‌ವೇ ರಸ್ತೆ ಕಡೆಯೂ ನೀವೇ ಕೂತು ತಲೆ ಎಣಿಸಿ.

ಊರು ಬೆಳೆಯುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಫೆರೇರೋದವರ ಚಾಕೊಲೇಟ್ ಘಟಕ 2024ರಲ್ಲಿ ಶುರುವಾದದ್ದೂ ನಿಜವೇ. ಆದರೆ ಎರಡೂ ಊರು ಸೇರಿ 1,30,000 ಜನ. ಒಂದು ಕಂಪನಿ ಕೆಮ್ಮಿದರೆ ಇಡೀ ಊರಿಗೆ ನೆಗಡಿ. ಐದು ವರ್ಷಕ್ಕೆ ಕಟ್ಟಿಹಾಕಿಕೊಳ್ಳಬೇಡಿ. ಎರಡು ವರ್ಷ, ಆಮೇಲೆ ಮೂರು ವರ್ಷ ಮುಂದುವರಿಸುವ ಹಕ್ಕು ನಿಮ್ಮದು ಅಂತ ಬರೆಸಿಕೊಳ್ಳಿ.

ಒಂದು ತಮಾಷೆ. ನಾರ್ಮಲ್ ಎಂಬ ಹೆಸರು ಬಂದದ್ದು 1857ರ ನಾರ್ಮಲ್ ಯೂನಿವರ್ಸಿಟಿಯಿಂದ, ಅದೇ ಈಗಿನ ಇಲಿನಾಯ್ ಸ್ಟೇಟ್. ಮೇಷ್ಟರ ತರಬೇತಿ ಶಾಲೆ. ನಿಮ್ಮ ಮೈಸೂರಲ್ಲೂ ನಾರ್ಮಲ್ ಸ್ಕೂಲ್ ಅಂತ ಇತ್ತಲ್ಲ, ಅದೇ ಅರ್ಥ. ಹಾಗಾಗಿ ನಿಮಗೆ ಇದು ತೀರಾ ಪರವೂರಲ್ಲ.

ಲೆಕ್ಕಪತ್ರ ನೋಡುವವರು, ಬೆಂಗಳೂರು

ಚುಟುಕಾಗಿ. ಆ ಲೀಸ್ 'ಟ್ರಿಪಲ್ ನೆಟ್' ಆಗಿದ್ದರೆ ಬಾಡಿಗೆಯ ಮೇಲೆ ಕಟ್ಟಡದ ತೆರಿಗೆ, ವಿಮೆ, ದುರಸ್ತಿ ಎಲ್ಲ ನಿಮ್ಮ ತಲೆಗೆ. ಚಳಿಗಾಲದಲ್ಲಿ ಹಿಮ ತೆಗೆಸುವ ಖರ್ಚೂ ಬಂದೀತು, ಓದಿ ನೋಡಿ. ಇಲಿನಾಯ್‌ನಲ್ಲಿ 2025ರಿಂದ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್, ಟಿಪ್ಸ್ ಪಡೆಯುವವರಿಗೆ 9. ಟಿಪ್ಸ್ ಸೇರಿಯೂ 15 ಮುಟ್ಟದಿದ್ದರೆ ಉಳಿದದ್ದು ನೀವು ತುಂಬಬೇಕು.

ಎಲ್ಲಕ್ಕಿಂತ ಮುಂಚೆ ಇಎಡಿ ತೆಗೆದು ತಾರೀಖು ನೋಡಿ. ನವೀಕರಣದ ಅರ್ಜಿ ಹಾಕಿದಾಗ ತಾನಾಗಿ ಸಿಗುತ್ತಿದ್ದ ವಿಸ್ತರಣೆ 2025ರ ಅಕ್ಟೋಬರ್ 30ರಿಂದ ಹೊಸ ಅರ್ಜಿಗಳಿಗೆ ಇಲ್ಲ. ಹೊಸ ಕಾರ್ಡ್ ತಡವಾದರೆ ನೀವು ನಿಮ್ಮದೇ ಅಡುಗೆಮನೆಯಲ್ಲಿ ಸೌಟು ಹಿಡಿಯುವಂತಿಲ್ಲ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಯಜಮಾನರು ಎಚ್-1ಬಿ ಅಂದಿರಿ. ಶನಿವಾರ ರಶ್ ಇದೆ ಅಂತ ಅವರು ಗಲ್ಲಾದಲ್ಲಿ ಕೂರುವುದೂ ಬೇಡ, ಸಂಬಳ ಇಲ್ಲದಿದ್ದರೂ ಬೇಡ. ವೀಸಾ ವಕೀಲರಿಗೆ ಕೊಡುವ ಒಂದು ಗಂಟೆಯ ಫೀಸು ಇಲ್ಲಿ ದುಂದಲ್ಲ.

ಉಡುಪಿ ಕಡೆಯ ಅಮ್ಮ

ಹೋಟೆಲಿಗೆ ಮುಂಚೆ ಸಣ್ಣದರಲ್ಲಿ ಕೈ ನೋಡಿ ಮಗಾ. 2022ರಿಂದ ಇಲ್ಲಿ ಮನೆಯಲ್ಲಿ ಮಾಡಿದ್ದನ್ನು ಮಾರುವ ಕಾನೂನು ಸಡಿಲ ಆಗಿದೆ. ಕೌಂಟಿ ಆರೋಗ್ಯ ಇಲಾಖೆಯಲ್ಲಿ ವರ್ಷಕ್ಕೊಮ್ಮೆ ನೋಂದಣಿ, 50 ಡಾಲರ್ ಮೀರುವುದಿಲ್ಲ. ಅಡುಗೆ ಸುರಕ್ಷತೆಯ ಸರ್ಟಿಫಿಕೇಟ್ ಪರೀಕ್ಷೆ ಒಂದು ಪಾಸ್ ಮಾಡಬೇಕು. ನಾನು ಈ ವಯಸ್ಸಲ್ಲಿ ಬರೆದು ಪಾಸಾದೆ! ಚಟ್ನಿಪುಡಿ, ಚಕ್ಕುಲಿ ನಡೆಯುತ್ತದೆ. ಸಾಂಬಾರು, ಇಡ್ಲಿ ತರಹದ್ದು ಅದರಲ್ಲಿ ಬರುವುದಿಲ್ಲ, ಉಪ್ಪಿನಕಾಯಿಗೆ ಬೇರೆ ನಿಯಮ. ಚಟ್ನಿಪುಡಿ ಕೊಂಡವರ ಪಟ್ಟಿಯೇ ನಾಳೆ ಹೋಟೆಲಿನ ಗಿರಾಕಿ ಪಟ್ಟಿ.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ಶಿವಮೊಗ್ಗದ ಸರ್ ಹೇಳಿದ ಹಾಗೆ ಮೂರು ದಿನ ಹೋಗಿ ಕೂತು ಎಣಿಸಿದೆ. ಅಪ್‌ಟೌನ್‌ನಲ್ಲಿ ಹನ್ನೆರಡರಿಂದ ಎರಡರವರೆಗೆ ಜನ ಇದ್ದರು, ಆದರೆ ಮುಕ್ಕಾಲು ಪಾಲು ಕಾಫಿ ಹಿಡಿದು ನಡೆಯುತ್ತಿದ್ದವರು. ವೆಟರನ್ಸ್ ಪಾರ್ಕ್‌ವೇ ಕಡೆಯ ಒಂದು ಸಾಲು ಅಂಗಡಿಯಲ್ಲಿ ಸಂಜೆ ಆರರ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಬಂದ ನಮ್ಮವರೇ ಹತ್ತು ಸಂಸಾರ ಕಂಡರು.

ಅಪ್‌ಟೌನ್ ಜಾಗದಲ್ಲಿ ಮೊದಲಿದ್ದದ್ದು ಬಟ್ಟೆ ಅಂಗಡಿಯಂತೆ. ಒಲೆಯ ಮೇಲೆ ಹೊಗೆ ಎಳೆಯುವ ಹುಡ್ ಇಲ್ಲ, ಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪ್ ಇಲ್ಲ. ಅದನ್ನು ಯಾರು ಹಾಕಿಸುತ್ತಾರೆ ಅಂತ ಕೇಳಿದರೆ ಬ್ರೋಕರ್ ಮಾತು ಬದಲಿಸಿ ಮತ್ತೆ ಫುಟ್‌ಬಾಲ್‌ಗೆ ಹೋದರು. ಅವರಿಗೆ ಇಲ್ಲ ಅಂದೆ. ಮೊದಲೇ ಹೋಟೆಲ್ ಇದ್ದ ಜಾಗ ಹುಡುಕುತ್ತಿದ್ದೇನೆ. ಇಎಡಿ ನವೀಕರಣದ ಅರ್ಜಿಯನ್ನೂ ತಯಾರು ಮಾಡುತ್ತಿದ್ದೇವೆ.

ಇನ್ನೊಂದೇ ಪ್ರಶ್ನೆ. ಹತ್ತು ಲೀಟರಿನ ಟಿಲ್ಟಿಂಗ್ ಗ್ರೈಂಡರ್ ಕೊಯಮತ್ತೂರಿಂದ ತರಿಸಲಾ? ತಮ್ಮ ಕಳಿಸುತ್ತೇನೆ ಅನ್ನುತ್ತಿದ್ದಾನೆ.

ತಿಪಟೂರು ಕಡೆಯವರು, ಅಂಗಡಿ ನಡೆಸಿ ಮುಚ್ಚಿದವರು

ತಮ್ಮನಿಗೆ ಸದ್ಯ ತಡೆದುಕೋ ಅನ್ನಿ ಮೇಡಂ. ಮೊದಲು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ಆ ಮಾಡೆಲ್ ತೋರಿಸಿ. ಎನ್‌ಎಸ್‌ಎಫ್ ಎಂಬ ನೈರ್ಮಲ್ಯ ಪ್ರಮಾಣದ ಗುರುತು ಇಲ್ಲದ ಯಂತ್ರವನ್ನು ಹೋಟೆಲ್ ಅಡುಗೆಮನೆಯೊಳಗೆ ಬಿಡುವುದು ಕಷ್ಟ. ವೋಲ್ಟೇಜೂ ನಮ್ಮೂರಿನದಲ್ಲ, ಇಲ್ಲಿ 120. ಶಿಕಾಗೋ ಕಡೆ ಮುಚ್ಚಿದ ಹೋಟೆಲುಗಳ ಸಾಮಾನು ಹರಾಜಿಗೆ ಬರುತ್ತಿರುತ್ತದೆ, ಗ್ರೈಂಡರ್ ಕಂಡರೆ ಹೇಳುತ್ತೇನೆ. ನನ್ನ ವ್ಯಾನ್ ಇದೆ, ಹೋಗಿ ತರೋಣ.