ಲೆಗೊ ಸ್ಟಾಪ್ ಮೋಷನ್: ಕ್ಷಿಪಣಿ ನಡುಗುತ್ತಿದೆ, ದಾರವೂ ಕಾಣುತ್ತಿದೆ

ಕಾಳಿತೀರ, ಕಾರವಾರ:
ನಮ್ಮ ಟ್ಯಾಗೋರ್ ಕಡಲತೀರದಲ್ಲಿ ಇಟ್ಟಿದ್ದಾರಲ್ಲ ಚಾಪೆಲ್ ಯುದ್ಧನೌಕೆ, ಅದನ್ನು ಲೆಗೊದಲ್ಲಿ ಕಟ್ಟಿ ಸ್ಟಾಪ್ ಮೋಷನ್ ಮಾಡುತ್ತಿದ್ದೇನೆ, ಅಂದರೆ ವಸ್ತುವನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಒಂದೊಂದೇ ಫೋಟೋ ತೆಗೆದು ವಿಡಿಯೋ ಜೋಡಿಸುವುದು. ಆಚೆ ಎರಡು, ಈಚೆ ಎರಡು, ಒಟ್ಟು 4 ಕ್ಷಿಪಣಿ ಡಬ್ಬಿ. ಅದರಲ್ಲೊಂದರಿಂದ ಕ್ಷಿಪಣಿ ಚಿಮ್ಮಬೇಕು. ಗಾಳದ ನೈಲಾನ್ ದಾರಕ್ಕೆ ಕಟ್ಟಿ ತೂಗುಬಿಟ್ಟೆ. ಎಷ್ಟು ಕಾದರೂ ತಿರುಗುವುದು ನಿಲ್ಲುವುದಿಲ್ಲ. ಬೆಳಕು ಬಿದ್ದ ಕಡೆ ದಾರ ಮಿಂಚುತ್ತದೆ. ಸೆಕೆಂಡಿಗೆ 12 ಫ್ರೇಮ್ (ಫೋಟೋ), ಪ್ರತಿ ಫ್ರೇಮಿಗೆ 3 ಸೆಂ.ಮೀ. ಸರಿಸುತ್ತಿದ್ದೇನೆ. ಮೇಜಿನ ಮೇಲೆ 60 ಸೆಂ.ಮೀ. ದಾರಿ. ಓಡಿಸಿ ನೋಡಿದರೆ ಕ್ಷಿಪಣಿ ಹಾರಿದ ಹಾಗೇ ಇಲ್ಲ, ಯಾರೋ ಎಳೆದುಕೊಂಡು ಹೋದ ಹಾಗಿದೆ. ಮೂರು ಭಾನುವಾರ ಇದಕ್ಕೇ ಹೋಯಿತು. ದಾರಿ ತೋರಿಸಿ.

ಅಡಕೆತೋಟ, ಶಿರಸಿ:
ದಾರ ಬಿಟ್ಟುಬಿಡಿ ಮಾರಾಯ್ರೆ. ನೀವು ಉಸಿರು ಬಿಟ್ಟರೂ ಅದು ಅಲ್ಲಾಡುತ್ತದೆ. ನಾನು ಹಳೇ ಕೊಡೆಯ ಕಡ್ಡಿ ಬಳಸುತ್ತೇನೆ. ತೆಳ್ಳಗಿದ್ದರೂ ಬಗ್ಗುವುದಿಲ್ಲ. ಒಂದು ತುದಿಗೆ ಪೋಸ್ಟರ್ ಅಂಟಿಸುವ ಪುಟ್ಟಿ ಹಚ್ಚಿ ಕ್ಷಿಪಣಿ ಕೂರಿಸಿ. ಇನ್ನೊಂದು ತುದಿ ಚೌಕಟ್ಟಿನ ಹೊರಗೆ, ಮೇಲುಗಡೆ, ಭಾರದ ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿ. ಕಡ್ಡಿ ಕಂಡರೆ ಕಾಣಲಿ, ಆಮೇಲೆ ಅಳಿಸಬಹುದು.

ಅಳಿಸುವುದಕ್ಕೆ ಖಾಲಿ ಸೆಟ್ಟಿನ ಫೋಟೋ ಬೇಕು, ಕ್ಷಿಪಣಿಯೂ ಇಲ್ಲ, ಕಡ್ಡಿಯೂ ಇಲ್ಲ. ಶೂಟಿಂಗ್ ಶುರುವಿಗೆ ಒಂದು, ಮುಗಿದ ಮೇಲೆ ಇನ್ನೊಂದು ತೆಗೆಯಿರಿ. ಜಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶದಲ್ಲಿ ಖಾಲಿ ಫೋಟೋ ಕೆಳಗಿನ ಲೇಯರ್ (ಪದರ), ನಿಮ್ಮ ಫ್ರೇಮ್ ಮೇಲಿನದು. ಮೇಲಿನ ಲೇಯರಿಗೆ ಮಾಸ್ಕ್ (ಬೇಡದ ಭಾಗ ಮರೆಮಾಡುವ ಪರದೆ) ಹಾಕಿ ಕಡ್ಡಿಯ ಮೇಲೆ ಕಪ್ಪು ಬಳಿದರೆ ಕೆಳಗಿನ ಲೇಯರಿನ ಆಕಾಶ ಕಾಣುತ್ತದೆ. ಕಡ್ಡಿಯ ನೆರಳನ್ನೂ ಅಳಿಸಿ. ಕ್ಷಿಪಣಿಯ ನೆರಳು ಮಾತ್ರ ಸಮುದ್ರದ ಮೇಲೆ ಇರಲಿ, ಅದು ಹೋದರೆ ಕ್ಷಿಪಣಿ ಅಂಟಿಸಿದ ಚಿತ್ರದ ಹಾಗೆ ಕಾಣುತ್ತದೆ. ಕ್ಯಾಮೆರಾದ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರೂ ಲಾಕ್ ಆಗಿರಬೇಕು. ಕಿಟಕಿ ಮುಚ್ಚಿ. ಬಿಳಿ ಅಂಗಿ ಹಾಕಬೇಡಿ, ಅದರ ಬೆಳಕೂ ಸೆಟ್ಟಿಗೆ ಬೀಳುತ್ತದೆ.

ಇನ್ನು ಎಳೆದ ಹಾಗೆ ಕಾಣುವುದು. 3 ಸೆಂ.ಮೀ.ನಂತೆ 60 ಮುಗಿಸಲು 20 ಫ್ರೇಮ್ ಬೇಕು, ಒಂದೂವರೆ ಸೆಕೆಂಡಿಗೂ ಜಾಸ್ತಿ. ಕ್ಷಿಪಣಿಗೆ ಅಷ್ಟು ಹೊತ್ತು ಯಾಕೆ? ಅರ್ಧ, 1, 2, 4, 8, 12, 16, 16 ಸೆಂ.ಮೀ., ಹೀಗೆ ಜಿಗಿಸಿ. 8 ಫ್ರೇಮಿಗೆ ದಾರಿ ಹೆಚ್ಚುಕಡಿಮೆ ಮುಗಿಯುತ್ತದೆ. ಮೊದಲಿನ ಸಣ್ಣ ಹೆಜ್ಜೆ ಇದ್ದರೇ ಮುಂದಿನ ದೊಡ್ಡ ಜಿಗಿತವನ್ನು ಕಣ್ಣು ಒಪ್ಪುತ್ತದೆ.

ದೊಡ್ಡ ಜಿಗಿತಗಳಿಗೆ ಮಸುಕೂ ಬೇಕು. ನಾವು ನಿಂತ ವಸ್ತುವಿನ ಫೋಟೋ ತೆಗೆಯುತ್ತೇವೆ, ಅದಕ್ಕೇ ಎಲ್ಲ ಚೂಪಾಗಿ ಬರುತ್ತದೆ. ಸಿನಿಮಾ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ ಒಂದು ಫ್ರೇಮಿನ ಅರ್ಧ ಹೊತ್ತು ತೆರೆದಿರುತ್ತದೆ. ಹಾಗಾಗಿ ಕ್ಷಿಪಣಿಯನ್ನು ಬೇರೆ ಲೇಯರಿಗೆ ತಂದು, ಹಾರುವ ದಿಕ್ಕಿಗೇ, ಜಿಗಿತದ ಅರ್ಧದಷ್ಟು ಉದ್ದ ಮೋಷನ್ ಬ್ಲರ್ ಕೊಡಿ.

ಅಘನಾಶಿನಿ, ಕುಮಟಾ:
ಮೇಲೆ ಹೇಳಿದ್ದು ಸರಿ. ನನ್ನದೊಂದು ಮಾತು: ದೋಣಿಯನ್ನೂ ಅಲ್ಲಾಡಿಸಿ. ಡಬ್ಬಿಯ ಬಾಯಿಗೆ ಪಾರದರ್ಶಕ ಕಿತ್ತಳೆ ಬ್ರಿಕ್ ಒಂದೇ ಫ್ರೇಮ್ ಇಡಿ. ಮುಂದಿನ ಫ್ರೇಮಿನಲ್ಲಿ ದೋಣಿ ಒಂದಿಷ್ಟು ಹಿಂದೆ ವಾಲಲಿ, ಡೆಕ್ಕಿನ ಮೇಲಿನ ಗೊಂಬೆ ಮುಖ ತಿರುಗಿಸಲಿ. ಹೊಗೆಗೆ ಹತ್ತಿ ಹಿಂಜಿ ಇಡಿ, ಪ್ರತಿ ಫ್ರೇಮಿಗೆ ಸ್ವಲ್ಪ ಅಗಲ ಮಾಡುತ್ತಾ ಹೋಗಿ. ಸೆಖೆ ಅಂತ ಫ್ಯಾನ್ ಹಾಕಬೇಡಿ! ಮತ್ತೆ, ಮುಂದೆ ಬಂದೂಕಿನ ದೃಶ್ಯ ಮಾಡುವುದಾದರೆ ಗುಂಡು ತೋರಿಸಲೇಬೇಡಿ. ಬಾಯಲ್ಲಿ ಮಿಂಚು, ಮರು ಫ್ರೇಮಿಗೇ ಪೆಟ್ಟು. ಅಷ್ಟು ಸಾಕು.

ಕಾಳಿತೀರ, ಕಾರವಾರ:
ನಿನ್ನೆ ರಾತ್ರಿ ಮಾಡಿ ನೋಡಿದೆ. ಕೊಡೆ ಕಡ್ಡಿ ಒಂದಿಷ್ಟೂ ನಡುಗಲಿಲ್ಲ. 8 ಫ್ರೇಮಿನ ಲೆಕ್ಕ ಹಾಕಿದ ಕೂಡಲೇ ಕ್ಷಿಪಣಿ ಚಿಮ್ಮಿತು, ನಾನೇ ಹತ್ತು ಸಲ ಓಡಿಸಿ ನೋಡಿದೆ. ಗೊಂಬೆ ತಲೆ ತಿರುಗಿಸುವ ಆ ಒಂದು ಫ್ರೇಮ್ ಎಷ್ಟು ಚೆಂದ ಬಂದಿದೆ ಗೊತ್ತಾ? ಒಂದೇ ತೊಂದರೆ ಉಳಿದಿದೆ. ಸಮುದ್ರಕ್ಕೆ ಹಾಸಿದ ನೀಲಿ ಹಾಳೆ ಹೊಳಪಿನದು, ಅದರಲ್ಲಿ ಕಡ್ಡಿಯ ಪ್ರತಿಬಿಂಬ ಬಿದ್ದಿದೆ.

ಅಡಕೆತೋಟ, ಶಿರಸಿ:
ಅದನ್ನೂ ಅದೇ ಮಾಸ್ಕಿನಲ್ಲಿ ಅಳಿಸಿ, ಖಾಲಿ ಫೋಟೋ ಇದೆಯಲ್ಲ. ಮುಂದಿನ ಸಲ ಹೊಳಪಿಲ್ಲದ ಹಾಳೆ ಹಾಸಿ. ವಿಡಿಯೋ ಇಲ್ಲಿ ಹಾಕಿ, ಕಾಯುತ್ತಿದ್ದೇವೆ.